7.1 ಸಿಜಿಪಿಎ ಇಟ್ಟುಕೊಂಡು ಜರ್ಮನಿಗೆ: ನನ್ನ ಅನುಭವ

"ಸರ, ನಿಮ್ಮ 7.1ಕ್ಕ ಸರ್ಕಾರಿ ಯೂನಿವರ್ಸಿಟಿ ಆಸೆ ಬಿಡ್ರಿ, ಖಾಸಗಿಗೆ ಹಾಕೂಣು" ಅಂದಿದ್ದರು, ವಿದೇಶಕ್ಕೆ ಓದಲು ಕಳಿಸುವ ಏಜೆನ್ಸಿಯವರು. ಸಿಂಧನೂರಿನಲ್ಲಿ ಕಾಕಾ ಹೇಳಿದ್ದು ಬೇರೆ: "ಪುಕ್ಕಟ ಓದಸ್ತಾರ ಅಂದ್ರ ಅದರಾಗ ಏನೋ ಮೋಸ ಐತಿ ನೋಡು." ಎರಡೂ ಸುಳ್ಳಾದವು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ, 2023ರಲ್ಲಿ, ಐದು ಕಡೆ ಹಾಕಿದೆ, ಐದೂ ಕಡೆ ಇಲ್ಲ ಅಂದರು. ನಮ್ಮ ಪ್ರಮಾಣಪತ್ರಗಳನ್ನು ಪರಿಶೀಲಿಸುವ ಎಪಿಎಸ್‌ಗೆ 18,000, ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಹದಿನಾರೋ ಹದಿನೇಳೋ ಸಾವಿರ, ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್‌ಗೆ ಮೊದಲನೆಯದಕ್ಕೆ 75 ಯೂರೋ, ಉಳಿದ ನಾಲ್ಕಕ್ಕೆ ತಲಾ 30. ಏಜೆನ್ಸಿಗೆ ಕೊಟ್ಟ ನಲವತ್ತು ಸಾವಿರವೂ ಸೇರಿ ಲಕ್ಷದ ಹತ್ತಿರ ರೊಕ್ಕ ಹೋಯಿತು. ಶಕ್ತಿನಗರದ ಹತ್ತಿರ ಹಾರುಬೂದಿ ಇಟ್ಟಿಗೆ ಘಟಕದಲ್ಲಿ ದುಡಿಯುವವನಿಗೆ ಅದು ಐದಾರು ತಿಂಗಳ ಪಗಾರ.

ಎಲ್ಲಿ ತಪ್ಪಿತು ಅಂತ ಸಿಟ್ಟಿನಿಂದಲೇ ಹುಡುಕಿದೆ. ಹತ್ತಕ್ಕೆ ಕೊಡುವ ನಮ್ಮ ಸಿಜಿಪಿಎಯನ್ನು (ಪದವಿಯ ಸರಾಸರಿ ಗ್ರೇಡ್) ಜರ್ಮನ್ ಗ್ರೇಡಿಗೆ ಬದಲಿಸಲು ಬವೇರಿಯನ್ ಸೂತ್ರ ಅಂತ ಒಂದಿದೆ. ಅಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ನಾನು ನೋಡದೇ ಬಿಟ್ಟಿದ್ದು ಅದರ ಕೊನೆಯ ಸಂಖ್ಯೆಯನ್ನು, ಅಂದರೆ ಕನಿಷ್ಠ ಪಾಸ್ ಅಂಕವನ್ನು. ನಮ್ಮಲ್ಲಿ ಒಂದು ವಿಷಯ ಪಾಸಾಗಲು ಗ್ರೇಡ್ ಪಾಯಿಂಟ್ 4 ಸಾಕು, ಆದರೆ ಪದವಿ ಕೈಗೆ ಬರಲು ಒಟ್ಟು ಸಿಜಿಪಿಎ 5 ಬೇಕು ಅಂತ ಅಂಕಪಟ್ಟಿಯ ಹಿಂದೆ ಅಚ್ಚಾಗಿತ್ತು. ಅಲ್ಲಿಯವರು 5 ಹಿಡಿದು ಲೆಕ್ಕ ಹಾಕಿದ್ದರು, 2.74 ಬಂದಿತ್ತು. 4 ಹಿಡಿದರೆ 2.45. ಕಟಾಫ್ ಇದ್ದದ್ದು 2.5! ಸಿಂಧನೂರಿನ ಮನೆಯ ಪಡಸಾಲೆಯಲ್ಲಿ ಕೂತು ಕ್ಯಾಲ್ಕುಲೇಟರ್ ನಾಲ್ಕು ಸಲ ಒತ್ತಿದೆ.

ಮುಂದಿನ ಕೆಲಸ, "ಕನಿಷ್ಠ ಪಾಸ್ ಗ್ರೇಡ್ 4" ಅಂತ ನನ್ನ ವಿಶ್ವವಿದ್ಯಾಲಯದಿಂದ ಮೊಹರು ಹಾಕಿಸಿದ ಪತ್ರ ತರಿಸುವುದು. ಅದಕ್ಕೆ ಎರಡೂವರೆ ತಿಂಗಳು ಬೇಕಾಯಿತು. ಮೂರು ಸಲ ರಜೆ ಹಾಕಿ ಹೋದೆ. ಎರಡು ಸಲ "ಸಾಹೇಬರು ಮೀಟಿಂಗಿನಲ್ಲಿದ್ದಾರೆ." ಮೂರನೇ ಸಲ ಪತ್ರದ ಕರಡನ್ನು ನಾನೇ ಟೈಪ್ ಮಾಡಿಸಿಕೊಂಡು ಹೋಗಿದ್ದೆ, ಅವತ್ತೇ ಸಹಿ ಆಯಿತು. ನೀವೂ ಕರಡು ಒಯ್ಯಿರಿ.

ಈ ನಡುವೆ ಇಟ್ಟಿಗೆಯಲ್ಲಿ ಒಂದು ಪ್ರಯೋಗ ಮಾಡಿದೆ. ರೈಸ್ ಮಿಲ್ಲಿನ ಹೊಟ್ಟಿನ ಬೂದಿ ನಮ್ಮ ಕಡೆ ರಾಶಿ ಬಿದ್ದಿರುತ್ತದೆ. ಸಿಮೆಂಟಿನ ಜಾಗದಲ್ಲಿ ಹತ್ತರಲ್ಲಿ ಒಂದು ಪಾಲು ಅದನ್ನೇ ಹಾಕಿ ನೋಡಿದೆ. ಕಪ್ಪು ಬೂದಿ ನೀರನ್ನು ವಿಪರೀತ ಕುಡಿಯುತ್ತದೆ, ಮೊದಲ ಎರಡು ಘಾಣ ಪುಡಿಪುಡಿ. ಬಿಳಿಯಾಗುವವರೆಗೆ ಸುಟ್ಟ ಬೂದಿ ಜರಡಿ ಹಿಡಿದು, ಗೋಣಿತಟ್ಟು ಹೊದಿಸಿ, ಮೇ ಬಿಸಿಲಿನಲ್ಲಿ ದಿನಕ್ಕೆ ಐದು ಸಲ ನೀರುಣಿಸಿದ ಮೇಲೆ ಇಟ್ಟಿಗೆ ಗಟ್ಟಿಯಾಗಿ ನಿಂತಿತು. ಮೊದಲ ವರ್ಷ ಏಜೆನ್ಸಿ ಬರೆದುಕೊಟ್ಟ ಎಸ್‌ಒಪಿಯಲ್ಲಿ (ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ಕೊಡುವ ಬರಹ) "ಬಾಲ್ಯದಿಂದಲೇ ಆಸಕ್ತಿ" ಅಂತಿತ್ತು. ಅದನ್ನು ಹರಿದು ಹಾಕಿ ಈ ಪುಡಿಯಾದ ಇಟ್ಟಿಗೆಗಳ ಕಥೆ ಬರೆದೆ. ನಮ್ಮ ಸಿಲಬಸ್ಸನ್ನು ಅವರ ಮಾಡ್ಯೂಲ್ ಹ್ಯಾಂಡ್‌ಬುಕ್ (ಕೋರ್ಸಿನ ವಿಷಯಗಳ ವಿವರ ಪುಸ್ತಕ) ಪಕ್ಕ ಇಟ್ಟು, ಯಾವ ವಿಷಯ ಯಾವುದಕ್ಕೆ ಸಮ ಅಂತ ಮೂರು ಪುಟದ ಪಟ್ಟಿಯನ್ನೂ ಲಗತ್ತಿಸಿದೆ.

ಕೋರ್ಸ್ ಸಂಯೋಜಕರಿಗೆ ಮೊದಲೇ ಒಂದು ಮೇಲ್ ಹಾಕಿದ್ದೆ, ಎರಡೇ ದಿನಕ್ಕೆ ಉತ್ತರ ಬಂತು. ಅದರಲ್ಲಿ ಏನು ಕೇಳಿದ್ದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷ ತಂಗಿ ಅರ್ಜಿ ಹಾಕುವವಳಿದ್ದಾಳೆ.

ಎರಡನೇ ವರ್ಷ ನಾಲ್ಕು ಅರ್ಜಿ, ಮೂರು ಸೀಟು. ಏಜೆನ್ಸಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ.

ಆಮೇಲೆ ಸಾಲದ ಪರದಾಟ. ಕಾಲುವೆ ನೀರಿನ ಹೊಲವನ್ನು ಬ್ಯಾಂಕು ಅಡಮಾನಕ್ಕೆ ಒಪ್ಪಲಿಲ್ಲ, ಮನೆ ಕೇಳಿತು. ಮನೆಗೆ ಇ-ಖಾತೆ ಆಗಿರಲಿಲ್ಲ. ಅದು ಕೈಗೆ ಬರುವಷ್ಟರಲ್ಲಿ ಆಗಸ್ಟ್ ಮುಗಿದಿತ್ತು. ಸೆಪ್ಟೆಂಬರ್ 1, 2024ರಿಂದ ಬ್ಲಾಕ್ಡ್ ಅಕೌಂಟಿನ (ವೀಸಾಕ್ಕಾಗಿ ಒಂದು ವರ್ಷದ ಖರ್ಚನ್ನು ಮುಂಚೆಯೇ ಇಡುವ ಖಾತೆ) ಮೊತ್ತ 11,208 ಯೂರೋದಿಂದ 11,904ಕ್ಕೆ ಏರಿತು. ಅದು ನಮ್ಮದೇ ರೊಕ್ಕ, ತಿಂಗಳಿಗೆ 992ರಂತೆ ನಮಗೇ ಬರುತ್ತದೆ, ನಿಜ. ಆದರೆ ಆ ವಾರ ಇನ್ನೂ ಅರವತ್ತೈದು ಸಾವಿರ ಎಲ್ಲಿಂದ ತರುವುದು? ಅಪ್ಪ ಏನೂ ಮಾತಾಡದೆ, ಮನೆಗೆಂದು ಇಟ್ಟಿದ್ದ ಭತ್ತದ ಚೀಲಗಳನ್ನು ಟ್ರ್ಯಾಕ್ಟರಿಗೆ ಹೇರಿಸಿದರು. ಹಿಂದೆ ನಿಂತು ಚೀಲ ಎತ್ತಿಕೊಟ್ಟವರು, ಮೋಸ ಅಂದಿದ್ದ ಅದೇ ಕಾಕಾ.