ಶಿವಮೊಗ್ಗದಲ್ಲಿ 80.5 ಅಂದ್ರೆ ಎಷ್ಟು?

ಶಿವಮೊಗ್ಗದ ಸುತ್ತ ಫೌಂಡ್ರಿಗಳು (ಲೋಹ ಎರಕ ಹೊಯ್ಯುವ ಕಾರ್ಖಾನೆಗಳು) ಜಾಸ್ತಿ. ಮರಳಿನ ಅಚ್ಚಿಗೆ ಬಳಿಯುವ ಕೋಟಿಂಗನ್ನು ಎಷ್ಟೋ ಕಡೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಲಸುತ್ತಾರೆ. ಬಳಿದ ಮೇಲೆ ಬೆಂಕಿ ಹಚ್ಚಿಯೇ ಒಣಗಿಸುವುದು! ಹಾಗಾಗಿ ಡ್ರಮ್ಮಿನಲ್ಲಿ ಏನಿದೆ ಅಂತ ಗೊತ್ತಿರಲೇಬೇಕು. ನಾನು ಕೆಮಿಸ್ಟ್ರಿ ಪಾಠ ಮಾಡುವವನು. ಪರಿಚಯದ ಒಬ್ಬರು ಲೇಬಲ್ ಹರಿದ ಡ್ರಮ್ಮಿನ ಮಾಲು ತಂದು, ಕುದಿಬಿಂದು ನೋಡಿಕೊಡಿ ಅಂದರು. ರಾಸಾಯನಿಕದ ಗುಣ, ಅಪಾಯಗಳನ್ನು ಬರೆದಿಡುವ ಸೇಫ್ಟಿ ಡೇಟಾ ಶೀಟಿನ 9ನೇ ಭಾಗದಲ್ಲಿ ಅದನ್ನು ಬರೆಯಬೇಕಾಗುತ್ತದೆ.

ಮೊದಲು ಡಿಸ್ಟಿಲ್ಡ್ ವಾಟರ್ ಕುದಿಸಿದೆ. ಇದು ನನ್ನ ರೂಢಿ. ನಮ್ಮಲ್ಲಿ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ, ಗಾಳಿಯ ಒತ್ತಡ ಅಷ್ಟು ಕಡಿಮೆ. ನೀರು ಸರಿಯಾಗಿ ತೋರಿಸಿದರೆ ಥರ್ಮಾಮೀಟರನ್ನು ನಂಬಬಹುದು.

ಆಮೇಲೆ ಫ್ಯೂಮ್ ಹುಡ್ ಒಳಗೆ ಡಿಸ್ಟಿಲೇಶನ್ ಫ್ಲಾಸ್ಕ್, ಅದರಲ್ಲಿ 100 ಮಿಲಿ ಸ್ಯಾಂಪಲ್, ದ್ರವ ಎಗರದೆ ಹದವಾಗಿ ಕುದಿಯಲೆಂದು ನಾಲ್ಕಾರು ಬಾಯ್ಲಿಂಗ್ ಚಿಪ್ಸ್ (ಸಣ್ಣ ತೂತುಗಳಿರುವ ಚೂರುಗಳು). ಬರ್ನರ್ ಬೇಡವೇ ಬೇಡ, ಕರೆಂಟಿನಿಂದ ಕಾಯುವ ಹೀಟಿಂಗ್ ಮ್ಯಾಂಟಲ್ ಸಾಕು. ಥರ್ಮಾಮೀಟರಿನ ಬುಂಡೆ ಪಕ್ಕದ ಕೊಳವೆಯ ಬಾಯಿಗಿಂತ ಸ್ವಲ್ಪ ಕೆಳಗಿರಬೇಕು. ಮೇಲಿದ್ದರೆ ಆವಿ ಅದಕ್ಕೆ ತಾಗದೆಯೇ ಹೊರಗೆ ಹೋಗುತ್ತದೆ. ಕಂಡೆನ್ಸರಿನ ತುದಿಯಿಂದ ಮೊದಲ ಹನಿ ಬಿದ್ದಾಗಿನ ಅಂಕಿಯೇ ಆರಂಭಿಕ ಕುದಿಬಿಂದು.

ಮಧ್ಯೆ ಕರೆಂಟ್ ಹೋಯಿತು. ಮಳೆಗಾಲ ಅಲ್ವಾ, ಇದ್ದದ್ದೇ. ಇಲ್ಲಿ ಹುಷಾರಾಗಿರಬೇಕು. ಕುದಿ ನಿಂತು ತಣಿದರೆ ಚಿಪ್ಸಿನ ಸಣ್ಣ ತೂತುಗಳಿಗೆ ದ್ರವ ತುಂಬಿಕೊಂಡು ಅವು ಕೆಲಸಕ್ಕೆ ಬಾರದಂತಾಗುತ್ತವೆ. ಕರೆಂಟ್ ಬಂದ ಕೂಡಲೇ ಸುಮ್ನೆ ಸ್ವಿಚ್ ಹಾಕಿದರೆ ದ್ರವ ಒಮ್ಮೆಲೇ ಉಕ್ಕಿ ಎಗರಬಹುದು. ಬಿಸಿ ಇರುವಾಗ ಹೊಸ ಚಿಪ್ಸ್ ಹಾಕಿದರೂ ಅದೇ ಕಥೆ. ಪೂರ್ತಿ ಆರಲು ಬಿಟ್ಟು, ಹೊಸದು ಹಾಕಿ ಮತ್ತೆ ಶುರು ಮಾಡಿದೆ.

ತಾಪಮಾನ 80.5ಕ್ಕೆ ಬಂದು ನಿಂತಿತು.

ಶುದ್ಧ ಐಸೊಪ್ರೊಪೈಲಿನ ಕುದಿಬಿಂದು 82.3 ಅಂತ ಪುಸ್ತಕ ಹೇಳುತ್ತದೆ. ಅದರಲ್ಲಿ ಶೇಕಡಾ 12ರಷ್ಟು ನೀರು ಸೇರಿದರೆ 80.3ರ ಹತ್ತಿರ. ಆ ಮಿಶ್ರಣವೂ ಒಂದೇ ತಾಪಮಾನದಲ್ಲಿ ಕದಲದೆ ಕುದಿಯುತ್ತದೆ. ಹಾಗಾಗಿ ಅಂಕಿ ನಿಂತಿದೆ ಅಂದ ಮಾತ್ರಕ್ಕೆ ಮಾಲು ಶುದ್ಧ ಅನ್ನುವಂತಿಲ್ಲ.

"ಹಾಗಾದ್ರೆ ನೀರು ಹಾಕಿ ಕೊಟ್ಟಿದಾರೆ ಮೇಷ್ಟ್ರೇ!"

"ಸ್ವಲ್ಪ ಇರಿ ಯಜಮಾನ್ರೇ, ಇದು ಶಿವಮೊಗ್ಗದ ಅಂಕಿ."

ಅವರು ಆಗಲೇ ಮೊಬೈಲಿನ ಹವಾಮಾನ ಆ್ಯಪ್ ತೆಗೆದು ಒತ್ತಡ 1008 ಅಂತ ತೋರಿಸಿದರು. ಅದು ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಅಂಕಿ, ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಲ್ಯಾಬಿನ ಬಾರೋಮೀಟರ್ ತೋರಿಸಿದ್ದು 945 ಹೆಕ್ಟೋಪಾಸ್ಕಲ್, ಅಂದರೆ 709 ಮಿಲಿಮೀಟರ್ ಪಾದರಸ. ಪುಸ್ತಕದ ಕುದಿಬಿಂದುಗಳು ಸಮುದ್ರಮಟ್ಟದ ಒತ್ತಡವಾದ 760ರವು, ಅದಕ್ಕಿಂತ ಇದು 51 ಕಡಿಮೆ. ಆಲ್ಕೋಹಾಲಿಗೆ ಎಷ್ಟು ಡಿಗ್ರಿ ಕೂಡಿಸಬೇಕು ಅನ್ನುವ ಲೆಕ್ಕ ಸುಲಭ: 0.0001 × 51 × (273 + 80.5). ಸುಮಾರು 1.8 ಬರುತ್ತದೆ. ಕೂಡಿಸಿದರೆ 82.3. ನೀರು ಸೇರಿದ ಮಿಶ್ರಣವಾಗಿದ್ದರೆ ನಮ್ಮೂರಲ್ಲಿ 78.5ರ ಸುತ್ತ ಕುದಿಯಬೇಕಿತ್ತು. (ಆಲ್ಕೋಹಾಲ್ ಅಲ್ಲದ ಟಾಲ್ಯೂಯೀನ್ ತರಹದ ದ್ರವಕ್ಕೆ 0.0001ರ ಬದಲು 0.00012 ಹಿಡಿಯಬೇಕು.)

ಯಜಮಾನರಿಗೆ ಲೆಕ್ಕದ ಮೇಲೆ ನಂಬಿಕೆ ಬರಲಿಲ್ಲ. ಅಡಿಕೆ ತೋಟ ಇರುವವರು ತಾನೇ, ಮೈಲುತುತ್ತ (ಕಾಪರ್ ಸಲ್ಫೇಟ್) ಅವರಿಗೆ ಹೊಸದಲ್ಲ. ಒಂದು ಚಿಟಿಕೆ ಹರಳನ್ನು ಪಿಂಗಾಣಿ ಬಟ್ಟಲಲ್ಲಿ ಕಾಯಿಸಿದೆ. ನೀಲಿ ಹೋಗಿ ಬೂದಿಯಂಥ ಬಿಳಿ ಪುಡಿಯಾಯಿತು. ಈ ಪುಡಿಗೆ ನೀರು ಸಿಕ್ಕಿದರೆ ಮತ್ತೆ ನೀಲಿ. ಮಳೆಗಾಲದ ಥಂಡಿ ಗಾಳಿಯೂ ಅದಕ್ಕೆ ಸಾಕಾಗುವುದರಿಂದ ಆರಿದ ಕೂಡಲೇ ಪ್ರನಾಳಕ್ಕೆ ಹಾಕಿ, ಸ್ಯಾಂಪಲ್ ಸುರಿದು, ಬಿರಡೆ ಹಾಕಿ ಅಲುಗಿಸಿದೆ. ಪುಡಿ ಬಿಳಿಯಾಗಿಯೇ ಉಳಿಯಿತು. ಇನ್ನೊಂದು ಪ್ರನಾಳದ ಸ್ಯಾಂಪಲ್ಲಿಗೆ ಬೇಕಂತಲೇ ನೀರು ಬೆರೆಸಿದ್ದೆ, ಅದರಲ್ಲಿ ನೀಲಿ ಬಂತು. ಆಗ ಒಪ್ಪಿದರು.

ಎರಡು ಡಿಗ್ರಿ ಏನು ಮಹಾ ಅನ್ನಬೇಡಿ. ಫ್ಲ್ಯಾಶ್ ಪಾಯಿಂಟ್ (ದ್ರವದ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಕನಿಷ್ಠ ತಾಪಮಾನ) 23 ಡಿಗ್ರಿಗಿಂತ ಕಡಿಮೆ ಇರುವ ದ್ರವಗಳಲ್ಲಿ, ಆರಂಭಿಕ ಕುದಿಬಿಂದು 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬೆಂಕಿಯ ಅಪಾಯದಲ್ಲಿ 1ನೇ ವರ್ಗ (ಅತಿ ಹೆಚ್ಚು ಅಪಾಯ), ಮೇಲಿದ್ದರೆ 2ನೇ ವರ್ಗ. ಉದಾಹರಣೆಗೆ ಪೆಂಟೇನ್ ಅನ್ನುವ ದ್ರವದ ಕುದಿಬಿಂದು 36.1. ನಮ್ಮಲ್ಲಿ ಅದು 34ರ ಚಿಲ್ಲರೆಗೇ ಕುದಿಯುತ್ತದೆ. ಕಂಡದ್ದನ್ನೇ ಬರೆದರೆ ವರ್ಗವೇ ಬದಲಾಗುತ್ತದೆ.

ಹಾಳೆಯಲ್ಲಿ ಮೂರನ್ನೂ ಬರೆದುಕೊಟ್ಟೆ: ಕಂಡದ್ದು 80.5, ಒತ್ತಡ 945, ಸರಿಪಡಿಸಿದ ಮೇಲೆ 82.3. ಫ್ಲ್ಯಾಶ್ ಪಾಯಿಂಟ್ ನೋಡಲು ನನ್ನ ಹತ್ತಿರ ಉಪಕರಣ ಇಲ್ಲ, ಹೊರಗೆ ಕಳಿಸಿ ಅಂದೆ. ಅದಕ್ಕೂ ಒತ್ತಡದ ಲೆಕ್ಕ ಇದೆ. ಒಂದು ಕಿಲೋಪಾಸ್ಕಲ್ ಕಡಿಮೆಯಾದರೆ ಕಾಲು ಡಿಗ್ರಿ ಕೂಡಿಸಬೇಕು.