ಹುಲ್ಲುಹಾಸಿನಲ್ಲಿ ನಿಂತ ನೀರು ಇಳಿದಿದ್ದು ಹೀಗೆ

ಮಳೆ ನಿಂತು ದಿನಗಳಾದರೂ ನಮ್ಮ ಹುಲ್ಲುಹಾಸಿನ ಒಂದು ಮೂಲೆ ಪಚಪಚ ಅನ್ನುತ್ತಿತ್ತು. ಹುಲ್ಲು ಹಳದಿಯಾಗಿ ಪಾಚಿ ಕಟ್ಟಿತ್ತು.

ಮೊದಲು ಮಣ್ಣಿನ ಪರೀಕ್ಷೆ ಮಾಡಿದೆ. 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೆ ತುಂಬಿಸಿದೆ. ಎರಡನೇ ಸಲದ್ದೇ ನಿಜವಾದ ಲೆಕ್ಕ, ಆಗ ಮಣ್ಣು ನೆನೆದಿರುತ್ತದೆ. ಗಂಟೆಗೆ 2.5 ಸೆಂ.ಮೀ. ಕೂಡ ಇಳಿಯದಿದ್ದರೆ ಮಣ್ಣು ನೀರು ಬಿಡುತ್ತಿಲ್ಲ ಅಂತ ಅರ್ಥ. ನಮ್ಮದು ಅಷ್ಟೂ ಇಳಿಯಲಿಲ್ಲ. ಅಂಟು ಜೇಡಿಮಣ್ಣು, ಓಡಾಡಿ ಗಟ್ಟಿಯಾಗಿತ್ತು. ಸಾಲದ್ದಕ್ಕೆ ಚಾವಣಿಯ ಪೈಪಿನ ನೀರೂ ಅಲ್ಲಿಗೇ ಬೀಳುತ್ತಿತ್ತು. ಅದನ್ನು ಬೇರೆ ಕಡೆ ತಿರುಗಿಸಿದ್ದಕ್ಕೇ ಅರ್ಧ ತೊಂದರೆ ಕಡಿಮೆಯಾಯಿತು.

ಆಮೇಲೆ ಗಾರ್ಡನ್ ಫೋರ್ಕಿನಿಂದ ಸುಮಾರು 10 ಸೆಂ.ಮೀ. ಆಳಕ್ಕೆ ಒತ್ತೊತ್ತಾಗಿ ಚುಚ್ಚಿ, ತೂತುಗಳಿಗೆ ದಪ್ಪ ಮರಳು, ಕಾಂಪೋಸ್ಟ್ ಬೆರೆಸಿ ಗುಡಿಸಿದೆ. ಸುಮ್ನೆ ಮರಳನ್ನಷ್ಟೇ ಜೇಡಿಗೆ ಕಲಸಬೇಡಿ, ಇನ್ನೂ ಗಟ್ಟಿಯಾಗಬಹುದು.

ತಗ್ಗಿನ ಜಾಗಕ್ಕೆ ಮಾತ್ರ ಕಾಲುವೆ ಬೇಕೇ ಬೇಕಾಯಿತು. 45 ಸೆಂ.ಮೀ. ಆಳ, ಪ್ರತಿ ಮೀಟರಿಗೆ 1 ಸೆಂ.ಮೀ. ಇಳಿಜಾರು. ದಾರ ಕಟ್ಟಿ ಲೆವೆಲ್ ನೋಡಿ, ಕಣ್ಣಂದಾಜು ನಂಬುವ ಹಾಗಿಲ್ಲ. ಒಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ, ಜಲ್ಲಿ ಹರಡಿ, ತೂತಿನ ಪೈಪ್ ಇಟ್ಟೆ. ತೂತು ಮೇಲಿರಬೇಕು ಅಲ್ವಾ ಅನ್ನಿಸುತ್ತದೆ. ಆದರೆ ಕಾಲುವೆಯಲ್ಲಿ ನೀರು ತಳದಿಂದ ಏರುತ್ತದೆ, ಹಾಗಾಗಿ ತೂತು ಕೆಳಗಿರಬೇಕು. ಮೇಲೆ ಮತ್ತೆ ಜಲ್ಲಿ, ಬಟ್ಟೆ ಮಡಚಿ ಮುಚ್ಚಿ ಮಣ್ಣು, ಹುಲ್ಲು.

ಇಂಥ ಜೇಡಿಯಲ್ಲಿ ಇಂಗುಗುಂಡಿ ಬೇಗ ತುಂಬಿಕೊಳ್ಳುತ್ತದೆ. ಅದಕ್ಕೇ ಪೈಪಿನ ತುದಿಯನ್ನು ಮಳೆನೀರಿನ ಚರಂಡಿಗೆ ಬಿಟ್ಟೆ. ನಿಮ್ಮಲ್ಲಿ ಹಾಗೆ ಬಿಡಲು ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸಿ. ಪಕ್ಕದವರ ಜಾಗಕ್ಕಂತೂ ಹರಿಸಬೇಡಿ.