ಇಎಸ್‌ಜಿ ಫಂಡ್ ತಗೊಳ್ಳುವ ಮುಂಚೆ ಪಟ್ಟಿ ನೋಡಿ
ಇಎಸ್‌ಜಿ ಫಂಡ್ ಅಂದರೆ ಪರಿಸರ, ಸಮಾಜ, ಆಡಳಿತ ಈ ಮೂರನ್ನೂ ನೋಡಿ ಕಂಪನಿಗಳನ್ನು ಆರಿಸುವ ಮ್ಯೂಚುವಲ್ ಫಂಡ್. ಆದರೆ ಇಎಸ್‌ಜಿ ಅಂತ ಹೆಸರಿದ್ದ ತಕ್ಷಣ ದುಡ್ಡು ಹಾಕಬೇಡಿ. ಫಂಡ್‌ನ ಫ್ಯಾಕ್ಟ್‌ಶೀಟ್ (ವಿವರಗಳ ಹಾಳೆ) ತೆಗೆದು, ಯಾವ ಹತ್ತು ಕಂಪನಿಗಳಲ್ಲಿ ಜಾಸ್ತಿ ಹಣ ಇದೆ ನೋಡಿ. ನಾನು ಸುಮ್ನೆ ಹೆಸರು ನಂಬಿ ಒಂದು ತಗೊಂಡಿದ್ದೆ. ಆಮೇಲೆ ನೋಡಿದರೆ ಪಟ್ಟಿಯ ಎರಡನೇ ಸಾಲಿನಲ್ಲೇ ತೈಲ ಕಂಪನಿ ಕೂತಿತ್ತು! ಅದು ಮೋಸವೇನಲ್ಲ. ಕೆಲವು ಫಂಡ್‌ಗಳು ತೈಲವನ್ನು ಪೂರ್ತಿ ಬಿಡುವುದಿಲ್ಲ, ಆ ಉದ್ಯಮದಲ್ಲೇ ಒಳ್ಳೆಯ ಇಎಸ್‌ಜಿ ಅಂಕ ಬಂದವರನ್ನು ಆರಿಸುತ್ತವೆ. ಆ ಅಂಕದ ಕಥೆಯೂ ವಿಚಿತ್ರ. ಕೆಲವು ರೇಟಿಂಗ್‌ಗಳು ಅಳೆಯುವುದು ಕಂಪನಿಯಿಂದ ಪರಿಸರಕ್ಕೆ ಆಗುವ ಹಾನಿಯನ್ನಲ್ಲ, ಹವಾಮಾನ ಬದಲಾವಣೆಯಂಥ ವಿಷಯಗಳಿಂದ ಕಂಪನಿಯ ಲಾಭಕ್ಕೆ ಬೀಳುವ ಹೊಡೆತವನ್ನು. ಉಲ್ಟಾ ಅಲ್ವಾ? ತಂಬಾಕು, ಕಲ್ಲಿದ್ದಲು, ಶಸ್ತ್ರಾಸ್ತ್ರ ಬೇಡವೇ ಬೇಡ ಅನ್ನುವವರು ಫಂಡ್‌ನ ದಾಖಲೆಯಲ್ಲಿ ಯಾವ ಉದ್ಯಮಗಳನ್ನು ಹೊರಗಿಟ್ಟಿದ್ದಾರೆ ಅಂತ ಹುಡುಕಿ ಓದಿ. ಎಕ್ಸ್‌ಪೆನ್ಸ್ ರೇಶಿಯೋವನ್ನೂ, ಅಂದರೆ ಫಂಡ್ ನಡೆಸಲು ನಿಮ್ಮ ಹಣದಿಂದ ವರ್ಷಕ್ಕೆ ಶೇಕಡಾ ಎಷ್ಟು ಕಡಿತ ಆಗುತ್ತೆ ಅನ್ನುವುದನ್ನೂ, ಮಾಮೂಲಿ ಇಂಡೆಕ್ಸ್ ಫಂಡ್ (ನಿಫ್ಟಿಯಂಥ ಸೂಚ್ಯಂಕವನ್ನೇ ಅನುಸರಿಸುವ ಫಂಡ್) ಜೊತೆ ಹೋಲಿಸಿ.